ನನ್ನ ಲೇಖನ ಓದಿದವರು ಯಾರು

ತೊಂಬತ್ತರ ದಶಕದ ನಡುವಿನ ಮಾತು. ನಾನಾಗ ನಿಪ್ಪಾಣಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ವಿಜ್ಞಾನ ಕಲಿಸುತ್ತಿದ್ದೆ. ನಮ್ಮ ವಿಭಾಗದಿಂದ ಒಂದು ಸಂಶೋಧನಾ ಪತ್ರಿಕೆ ಹೊರಡುತ್ತಿತ್ತು. ವಿಭಾಗದ ಮುಖ್ಯಸ್ಥರೇ ಅದರ ಸಂಪಾದಕರು. ಈ ಪತ್ರಿಕೆಯಿಂದ ಯಾರಿಗೆ ಏನು ಉಪಯೋಗವಾಗಿದೆ ತೋರಿಸಿ ಎಂದು ಆಡಳಿತ ಮಂಡಳಿ ಕೇಳಿದಾಗ ಅವರು ಆ ಕೆಲಸವನ್ನು ನನ್ನ ತಲೆಗೆ ಕಟ್ಟಿದರು. ನಮ್ಮಲ್ಲಿ ಅಚ್ಚಾದ ಯಾವ ಲೇಖನವನ್ನು ಬೇರೆಯವರು ಎಷ್ಟು ಸಲ ಉಲ್ಲೇಖಿಸಿದ್ದಾರೆ ಎಂದು ನಾನು ಎಣಿಸಬೇಕಿತ್ತು.

ಎಣಿಸುತ್ತ ಹೋದಂತೆ ನನ್ನ ಲೇಖನವೇ ಎಲ್ಲಕ್ಕಿಂತ ಮುಂದೆ ಬಂತು. ಕನ್ನಡದಲ್ಲೂ ಮರಾಠಿಯಲ್ಲೂ ಬರೆದ ಹೆಸರುಗಳನ್ನು ಕಂಪ್ಯೂಟರಿನಲ್ಲಿ ಒಂದೇ ಅಕಾರಾದಿ ಪಟ್ಟಿಗೆ ಜೋಡಿಸುವ ವಿಧಾನ ಅದು, ನಿದ್ದೆಗೆಟ್ಟು ಬರೆದದ್ದು. ಖುಷಿಪಡಬೇಕಿತ್ತು. ನನ್ನ ಹುಟ್ಟುಗುಣ ಬಿಡಬೇಕಲ್ಲ, ಅನುಮಾನ ಬಂತು, ಒಂದೊಂದು ಉಲ್ಲೇಖವನ್ನೂ ತೆಗೆದು ನೋಡಿದೆ. ಮೊದಲು ಉಲ್ಲೇಖಿಸಿದವರು ಪುಟಸಂಖ್ಯೆಯನ್ನು ತಪ್ಪಾಗಿ ಕೊಟ್ಟಿದ್ದರು. ಆಮೇಲಿನವರೆಲ್ಲ ಅದೇ ತಪ್ಪು ಸಂಖ್ಯೆಯನ್ನು ಕಣ್ಣು ಮುಚ್ಚಿ ಇಳಿಸಿಕೊಂಡಿದ್ದರು. ಆ ಪುಟ ತೆಗೆದರೆ ಅಲ್ಲಿದ್ದದ್ದು ಪತ್ರಿಕೆಯ ಚಂದಾ ವಿವರ.

ನಮ್ಮ ಕಡೆ ಮದುವೆಯಲ್ಲಿ ಆಯೇರಿ ಎಂದು ಬಟ್ಟೆ ಕೊಡುತ್ತಾರೆ. ಹಾಗೆ ಬಂದ ಕುಪ್ಪಸದ ಖಣವನ್ನು ಎಷ್ಟೋ ಮನೆಯಲ್ಲಿ ಹೊಲಿಸುವುದೇ ಇಲ್ಲ; ಮುಂದಿನ ಮದುವೆಗೆಂದು ಮಡಚಿ ಇಡುತ್ತಾರೆ. ಕೊಟ್ಟವರಿಗೆ ತಿರುಗಿ ಕೊಡದಿದ್ದರೆ ಮಾತು ಬರುತ್ತದೆ. ನನ್ನ ಲೇಖನವೂ ಹಾಗೆಯೇ ಮಡಿಕೆ ಬಿಚ್ಚದೆ ಚಿಕ್ಕೋಡಿ, ರಾಯಬಾಗ, ಅಥಣಿಯ ಕಾಲೇಜುಗಳನ್ನು ಸುತ್ತಿ ಬಂದಿತ್ತು. ಇವರು ಅವರನ್ನು ಹೆಸರಿಸಿದ್ದರು, ಅವರು ಇವರನ್ನು.

ಆಮೇಲೆ ನನಗೆ ಯಾರ ಮೇಲೂ ನಂಬಿಕೆ ಉಳಿಯಲಿಲ್ಲ. "ನಿಮ್ಮ ಲೇಖನ ಭಾಳ ಚಲೋ ಐತ್ರಿ" ಎಂದವರಿಗೆ, ಯಾವ ಭಾಗ ಚಲೋ ಐತಿ ಎಂದು ಕೇಳಿಬಿಡುತ್ತಿದ್ದೆ. ಅವರಿಗೆ ಒಮ್ಮೆಲೇ ಕ್ಲಾಸು ನೆನಪಾಗುತ್ತಿತ್ತು. ಒಬ್ಬರಾದರೂ ಓದಿದ್ದಾರೆಯೇ, ನನಗೆ ಬೇಕಾಗಿದ್ದದ್ದು ಅಷ್ಟೇ.

ಅಂಥದರಲ್ಲಿ ಕಾಗವಾಡ ಕಡೆಯ ಒಬ್ಬ ಹೊಸ ಅಧ್ಯಾಪಕ ನನ್ನನ್ನು ಹುಡುಕಿಕೊಂಡು ಬಂದ. ಇವನಿಗೂ ಒಂದು ಉಲ್ಲೇಖ ಬೇಕಾಗಿರಬೇಕು ಅಂದುಕೊಂಡು ಕೂಡ್ರಿ ಎನ್ನಲಿಲ್ಲ.

"ಮೇಡಂ, ನಿಮ್ಮ ನಾಕನೇ ಹಂತ ತಪ್ಪೈತ್ರಿ," ಎಂದ. "ಒಂದೇ ಹೆಸರಿನವ್ರು ಇಬ್ಬರಿದ್ರ ಒಬ್ಬಾವ ಮಾಯ ಆಗ್ತಾನ. ನಮ್ಮೂರಾಗ ಓಣಿಗೆ ಮೂರು ಮಂದಿ ಒಂದೇ ಹೆಸರಿನವ್ರು ಅದಾರ್ರಿ."

"ನೀವು ಓದೀರಿ?"

"ಓದಲಾರ್ದ ಹೆಂಗ ಹೇಳ್ಲಿರಿ? ಮಾಡಿ ನೋಡೀನಿ."

ಹಾಳೆ ತೆಗೆದು ಲೆಕ್ಕ ಹಾಕಿದೆ. ಅವನು ಹೇಳಿದ್ದೇ ಸರಿ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಕಣ್ಣು ತುಂಬುವಷ್ಟು ಸಂತೋಷವಾಯಿತು. ಅವನನ್ನು ನೇರ ಮುಖ್ಯಸ್ಥರ ಕೋಣೆಗೆ ಕರೆದುಕೊಂಡು ಹೋಗಿ, ಈ ತಿದ್ದುಪಡಿಯನ್ನು ಮುಂದಿನ ಸಂಚಿಕೆಯಲ್ಲಿ ಹಾಕಿ ಎಂದೆ.

ಮುಖ್ಯಸ್ಥರು ಕನ್ನಡಕದ ಮೇಲಿಂದ ಅವನನ್ನು ನೋಡಿದರು. "ಹಾಕೂಣಂತ. ಆದ್ರ ನಮ್ಮ ಪತ್ರಿಕೆದಾಗಿನ ಬ್ಯಾರೆ ಲೇಖನ ನಾಕೈದು ಉಲ್ಲೇಖ ಮಾಡ್ರಿ."

"ಅವನ್ನ ನಾ ಓದಿಲ್ರಿ, ಸರ್."

"ಓದ್ರಿ ಅಂತ ಯಾರು ಅಂದಾರ?"

ಅವನು ತಿದ್ದುಪಡಿಯ ಹಾಳೆ ಮಡಚಿ ಕಿಸೆಯಲ್ಲಿಟ್ಟುಕೊಂಡು ಬಸ್ಸಿಗೆ ಹೋದ. ನನ್ನ ವರದಿ ಮಂಡಳಿಗೆ ಹೋಯಿತು, ಪತ್ರಿಕೆ ಉಳಿಯಿತು, ನನ್ನ ಲೇಖನಕ್ಕೆ ಮೊದಲ ಸ್ಥಾನ. ಅದನ್ನು ಓದಿದ ಒಬ್ಬನೇ ಒಬ್ಬನನ್ನು ಎಲ್ಲಿ ಎಣಿಸಬೇಕೆಂದು ನನಗೆ ತಿಳಿಯಲಿಲ್ಲ.