ಮಂಡಿಯ ಬೇನೆ ಮಣಿಕಟ್ಟಿನಲ್ಲಿ ಕಂಡಿತು

ವೀರಭದ್ರಸ್ವಾಮಿಯ ಒಕ್ಕಲಿನ ಬಂಧುಗಳೇ, ಕುಣಿಗಲ್‌ನಿಂದ ಬರೆಯುತ್ತಿದ್ದೇನೆ. ಹೋದ ವರ್ಷ ಯುಗಾದಿ ಕಳೆದ ಮೇಲೆ ತುಮಕೂರಿನ ಆಸ್ಪತ್ರೆಯೊಂದರಲ್ಲಿ ನನ್ನ ಬಲಗಾಲಿಗೆ ಲೋಹದ ಮಂಡಿ ಕೂರಿಸಿದರು. ಮಳೆಗಾಲದ ಹೊತ್ತಿಗೆ ಓಡಾಡುತ್ತೀರಿ ಎಂದಿದ್ದರು. ದೀಪಾವಳಿ ಬಂದರೂ ಬಚ್ಚಲಿಗೆ ಹೋಗಲು ಮಗಳು ಸುಧಾಳ ಭುಜವೇ ಗತಿ. ಮಂಡಿ ಊದಿಕೊಂಡು ಬಿಸಿಯಾಗಿರುತ್ತಿತ್ತು, ಹೊಲಿಗೆಯ ಸುತ್ತ ಕೆಂಪು ಗಂಧೆ, ತಡೆಯಲಾರದ ನವೆ.

ಬಸ್ಸಿನಲ್ಲಿ ಕಾಲು ಚಾಚಿ, ಹತ್ತಿಳಿಯುವವರಿಂದೆಲ್ಲ ಬೈಸಿಕೊಂಡು ತುಮಕೂರಿಗೆ ಅಲೆದೆ. ಮಂಡಿಯ ನೀರು ತೆಗೆದು ನೋಡಿದರು, ಸೋಂಕಿಲ್ಲ. ಎಕ್ಸ್‌ರೇ ಸರಿಯಾಗಿದೆ. ಧೈರ್ಯ ತಂದುಕೊಳ್ಳಿ, ವ್ಯಾಯಾಮ ಮಾಡಿ ಎಂದು ಮೂಳೆ ಡಾಕ್ಟರು ಕೈಚೆಲ್ಲಿದರು. ನಮ್ಮ ಯಜಮಾನರೂ ಇದು ಮನಸ್ಸಿನ ರೋಗ ಎನ್ನತೊಡಗಿದರು. ನಾನು ನರಳಿದರೆ ಟಿ.ವಿ. ಸದ್ದು ಜೋರು ಮಾಡುತ್ತಿದ್ದರು. ಇನ್ನು ಯಾರಿಗೆ ಹೇಳಲಿ?

ನಮ್ಮ ಸ್ವಾಮಿ ಇರುವುದು ಗುಬ್ಬಿ ಹತ್ತಿರದ ನನ್ನ ತವರೂರಿನಲ್ಲಿ. ಕಾಯಿಲೆಯವರು ಅವನ ಹೆಸರಿನಲ್ಲಿ ಬಿಳಿ ಲೋಹದ ಕಡಗ ತೊಡುತ್ತಾರೆ, ವಾಸಿಯಾಗುವ ತನಕ ತೆಗೆಯುವಂತಿಲ್ಲ. ನಾನೂ ತೊಟ್ಟೆ. ಕೆಲವೇ ದಿನಗಳಲ್ಲಿ ಮಣಿಕಟ್ಟಿನ ಸುತ್ತ ಗಂಧೆ ಎದ್ದು ನೀರು ಸೋರಿತು. ಸ್ವಾಮಿಗೂ ನಾನು ಬೇಡವಾದೆ ಎಂದು ಅತ್ತೆ, ಅವನನ್ನು ಬಾಯಿಗೆ ಬಂದಂತೆ ಬೈದೆ. ಆದರೂ ತೆಗೆಯಲು ಭಯ. ವಿಭೂತಿ ಮೆತ್ತಿ ಸೆರಗಿನಲ್ಲಿ ಮುಚ್ಚಿಕೊಂಡೆ.

ಒಂದು ದಿನ ಸ್ನಾನ ಮಾಡಿಸುತ್ತಿದ್ದ ಸುಧಾ ಆ ಕೈಯನ್ನು ಮಂಡಿಯ ಪಕ್ಕಕ್ಕೆ ಎಳೆದು ನೋಡಿದಳು.

"ಎರಡೂ ಒಂದೇ ತರ ಐತೆ ಕಣಮ್ಮ. ನಾಳೆ ಚರ್ಮದ ಡಾಕ್ಟ್ರತ್ರ ಹೋಗಾನ, ಸುಮ್ನೆ ಬಾ."

ಯಾವುದು ಮೈಗೆ ಒಗ್ಗುವುದಿಲ್ಲ ಎಂದು ನೋಡಲು ಚರ್ಮದ ಡಾಕ್ಟರು ಬೆನ್ನಿಗೆ ಬೇರೆ ಬೇರೆ ಲೋಹದ ಪಟ್ಟಿ ಅಂಟಿಸಿ ಕಳಿಸಿದರು. ಮತ್ತೆ ಹೋದಾಗ ನಿಕ್ಕಲ್ ಇಟ್ಟ ಜಾಗ ಕೆಂಪಗೆ ಉಬ್ಬಿತ್ತು. ಅದು ಕಡಗದಲ್ಲೂ ಇದೆ, ಮಂಡಿಯೊಳಗಿನ ಲೋಹದಲ್ಲೂ ಬೆರೆತಿದೆ, ನಿಮ್ಮ ಮೈಗೆ ಆಗಿಬರುತ್ತಿಲ್ಲ ಎಂದರು. ಮೊದಲು ಕಡಗ ತೆಗೆಯಿರಿ ಎಂದಾಗ, ವಾಸಿಯಾಗದೆ ತೆಗೆಯುವಂತಿಲ್ಲ ಎಂದು ಕೈಯನ್ನು ಸೆರಗಿನೊಳಗೆ ಎಳೆದುಕೊಂಡೆ. ಸುಧಾ ಅಲ್ಲಿಂದಲೇ ನಮ್ಮೂರಿನ ಅರ್ಚಕರಿಗೆ ಫೋನು ಹಚ್ಚಿ, ಎಲ್ಲ ಹೇಳಿ, ನನ್ನ ಕಿವಿಗಿಟ್ಟಳು.

"ಮಂಡಿ ಒಳಗಿಂದು ಯಾರಿಗೂ ಕಾಣ್ಲಿಲ್ಲ ಅಂತ ಸ್ವಾಮಿ ಕೈಯಲ್ಲಿ ತೋರಿಸವ್ನೆ. ಬಿಚ್ಚಿ ಬುಡು ತಾಯಿ."

ಕಡಗ ಬಿಚ್ಚಿದೆ. ಆಮೇಲೆ ಆಸ್ಪತ್ರೆಯಲ್ಲಿ ಹಳೆಯ ಮಂಡಿ ತೆಗೆದು, ನಿಕ್ಕಲ್ ಇಲ್ಲದ್ದನ್ನು ಹಾಕಿದರು. ಇದೂ ಒಗ್ಗುತ್ತದೆಂದು ಖಾತ್ರಿ ಕೊಡಲಾರೆವು ಎಂದೇ ಒಳಗೆ ಕರೆದೊಯ್ದರು. ಬರಿಗೈಯಲ್ಲಿ ಮಲಗಿ ಸ್ವಾಮಿಯ ಹೆಸರು ಹೇಳುವುದನ್ನು ಬಿಟ್ಟರೆ ನನ್ನಿಂದ ಬೇರೇನೂ ಆಗುತ್ತಿರಲಿಲ್ಲ.

ನವೆ ನಿಂತಿತು. ಊತ ನಿಧಾನವಾಗಿ ಇಳಿಯಿತು. ಎಲ್ಲ ಮೊದಲಿನಂತಾಯಿತು ಎಂದು ಸುಳ್ಳು ಹೇಳಲಾರೆ, ಕೋಲು ಬೇಕು. ಮೊನ್ನೆ ಗುಡಿಗೆ ಹೋದಾಗ ಅಡ್ಡಬೀಳಲು ಮಂಡಿ ಮಡಚಲಿಲ್ಲ, ನಿಂತೇ ಕೈಮುಗಿದೆ. ನನ್ನ ಪರವಾಗಿ ನಮ್ಮ ಯಜಮಾನರು ಅಡ್ಡಬಿದ್ದರು, ಎಷ್ಟು ಹೊತ್ತಾದರೂ ಏಳಲಿಲ್ಲ.

ಯಾರೂ ನಂಬದ ನನ್ನ ನೋವನ್ನು ಮೊದಲು ನಂಬಿದವನು ಸ್ವಾಮಿ. ಅವನನ್ನು ನಾನು ಬಿಡುವುದುಂಟೆ?