ನೀರು ಇಳಿಯಲಿ ಎಂದೆ

ಮಳೆಗಾಲದ ಆಟಿ ತಿಂಗಳಲ್ಲಿ ಹೊಸ ಮದುಮಗಳನ್ನು ತವರಿಗೆ ಕರೆತಂದು ಕೆಲವು ದಿನ ಇರಿಸಿಕೊಳ್ಳುವುದು ನಮ್ಮ ಕಡೆಯ ಕ್ರಮ. ಅದು ಮದುವೆಯಾದ ಮೊದಲ ವರ್ಷಕ್ಕೆ ಮಾತ್ರ. ನಮಗೆ ಅಣ್ಣತಮ್ಮಂದಿರಿಲ್ಲ. ಹಾಗಾಗಿ ತಂಗಿಯನ್ನು ಕರೆತರಲು ಅಮ್ಮ ನನ್ನನ್ನು ಕಳುಹಿಸಿದಳು.

ತಂಗಿಯನ್ನು ಕೊಟ್ಟದ್ದು ನೇತ್ರಾವತಿಯ ನಡುವಿನ ಒಂದು ಕುದ್ರುವಿಗೆ. ಸುತ್ತ ನೀರು, ದೋಣಿಯೇ ಆಗಬೇಕು. ನಮ್ಮ ವಾಮದಪದವಿನಿಂದ ಬಿ.ಸಿ. ರೋಡಿಗೆ ಒಂದು ಬಸ್ಸು, ಅಲ್ಲಿಂದ ಮಂಗಳೂರಿನ ಸರ್ವಿಸ್ ಬಸ್ಸು. ಇಳಿದು ದೋಣಿ ಕಡವಿನವರೆಗೆ ನಡಿಗೆ. ಬೆಳಿಗ್ಗೆ ಹೊರಟರೆ ಸಂಜೆಗೆ ಇಬ್ಬರೂ ಮನೆಯಲ್ಲಿರಬಹುದು. ಅಮ್ಮ ಹಿಂದಿನ ದಿನವೇ ಹೊಸ ಚಾಪೆ ತೆಗೆದಿಟ್ಟು, ಹಲಸಿನ ಹಪ್ಪಳದ ಡಬ್ಬ ಕೆಳಗಿಳಿಸಿದ್ದಳು. ನಾನು ಕೈ ಹಾಕಿದಾಗ, "ಅದು ಅವಳಿಗೆ" ಎಂದಳು.

ಐದನೇ ಕ್ಲಾಸಿಗೆ ಶಾಲೆ ಬಿಟ್ಟು ಬೀಡಿ ಕಟ್ಟಲು ಕೂತವಳು ನಾನು. ಮದುವೆಯಾಗಲಿಲ್ಲ. ನನ್ನನ್ನು ಎಲ್ಲಿಂದಲೂ ಯಾರೂ ಕರೆತರಬೇಕಾಗಿಲ್ಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಆ ಡಬ್ಬವೇ ತಲೆಯಲ್ಲಿತ್ತು.

ಮಳೆ ಬಿಟ್ಟಿತ್ತು. ಹೊಳೆ ಕೆಂಪಗಿದ್ದರೂ ಸೆಳೆತವಿರಲಿಲ್ಲ. ಮೂರು ಗಂಟೆಗೆ ಬಂದರೆ ಇಬ್ಬರನ್ನೂ ದಾಟಿಸುತ್ತೇನೆ ಎಂದು ದೋಣಿಯವರೇ ಹೇಳಿದರು.

ತಂಗಿ ಬ್ಯಾಗು ತುಂಬಿಸಿ ಬಾಗಿಲ ಬಳಿ ಇಟ್ಟಿದ್ದಳು. ಅವಳ ಅತ್ತೆ ಊಟ ಬಡಿಸುತ್ತಾ, ಹದಿನೈದು ದಿನ ಇದ್ದು ಬರಲಿ, ಇಲ್ಲಿಯದು ನಾನು ನೋಡಿಕೊಳ್ಳುತ್ತೇನೆ ಎಂದರು.

"ಅಮ್ಮ ಹಪ್ಪಳ ಇಟ್ಟಿದ್ದಾಳಾ ಅಕ್ಕ?" ತಂಗಿ ಕೇಳಿದಳು.

ನಾನು ಎದ್ದು ಕೈ ತೊಳೆದು ಬಂದೆ. "ನೀರು ಜಾಸ್ತಿ ಉಂಟು. ನೀನು ಈಗ ಬರುವುದು ಬೇಡ. ನೀರು ಇಳಿಯಲಿ, ಮತ್ತೆ ಬರ್ತೇನೆ" ಎಂದೆ.

ಅತ್ತೆ ಹೊಳೆಯ ಕಡೆ ನೋಡಿದರು. ತಂಗಿ ಬ್ಯಾಗು ಹಿಡಿದುಕೊಂಡೇ ಕಡವಿನವರೆಗೆ ಬಂದಳು. ನಾನೊಬ್ಬಳೇ ದೋಣಿ ಹತ್ತಿದೆ.

"ಅವರನ್ನೂ ಹತ್ತಿಸಿ ಅಕ್ಕ, ಜಾಗ ಉಂಟಲ್ಲ" ಎಂದರು ದೋಣಿಯವರು.

ನಾನು ಹಲಗೆಯ ಮೇಲೆ ಕೂತು, ಹೊರಡಿ ಎಂದೆ. ಅವಳಿಗೆ ಅಪಾಯ ಎಂದ ಅದೇ ನೀರನ್ನು ನಾನು ಸೆರಗು ಕೂಡ ಒದ್ದೆಯಾಗದೆ ದಾಟಿದೆ. ಅವಳು ನೋಡುತ್ತಾ ನಿಂತಿದ್ದಳು.

ಅಮ್ಮನಿಗೆ ಬೇರೆಯೇ ಹೇಳಿದೆ, ಅತ್ತೆ ಕಳುಹಿಸಲಿಲ್ಲ ಎಂದು. ಅಮ್ಮ ಕೂಡಲೇ ತಂಗಿಗೆ ಫೋನು ಮಾಡಿ, ಅತ್ತೆ ಬೇಡ ಅಂದರಂತೆ ಹೌದಾ ಎಂದು ಕೇಳಿದಳು. ಬೀಡಿ ಎಲೆ ಕತ್ತರಿಸುತ್ತಿದ್ದ ನನ್ನ ಕೈ ನಿಂತಿತು. ಸ್ಪೀಕರಿನಲ್ಲಿ ಅವಳ ದನಿ: "ಹೌದಮ್ಮ, ಇಲ್ಲಿ ಕೆಲಸ ಉಂಟು."

ನೀರು ಇಳಿಯಿತು. ನಾನು ಹೋಗಲಿಲ್ಲ. ಆಟಿ ಮುಗಿಯಿತು.

ನಾಲ್ಕು ವರ್ಷವಾಯಿತು. ತಂಗಿ ಅಪರೂಪಕ್ಕೆ ಬರುತ್ತಾಳೆ, ಬೆಳಿಗ್ಗೆ ಬಂದು ಸಂಜೆ ಹೊರಡುತ್ತಾಳೆ. ಒಂದು ರಾತ್ರಿಯೂ ನಿಂತಿಲ್ಲ. ಅಮ್ಮ ಈಗಲೂ ಆ ಅತ್ತೆಯನ್ನೇ ಬೈಯುತ್ತಾಳೆ. ತಂಗಿ ತಲೆ ಎತ್ತದೆ ಉಣ್ಣುತ್ತಾಳೆ. ಹೋದ ತಿಂಗಳು ನಾನೇ ಹಪ್ಪಳ ಕರಿದು ಬಡಿಸಿ, ಇವತ್ತು ನಿಲ್ಲು ಎಂದೆ.

"ಇಲ್ಲ ಅಕ್ಕ. ದೋಣಿ ತಪ್ಪುತ್ತದೆ."

ಬಸ್ ಸ್ಟಾಪಿನವರೆಗೆ ಅವಳ ಬ್ಯಾಗು ನಾನು ಹಿಡಿದೆ. ಒಳಗೆ ಬಟ್ಟೆಯಿಲ್ಲ, ಒಂದು ಕೊಡೆ, ಒಂದು ನೀರಿನ ಬಾಟ್ಲಿ. ಬಸ್ಸು ಬರುವುದರೊಳಗೆ ಅವತ್ತಿನದನ್ನು ಹೇಳಿಬಿಡಬೇಕೆಂದಿದ್ದೆ. ಬಸ್ಸು ತಡವಾಗಿಯೇ ಬಂತು. ಆದರೂ ಹೇಳಲಿಲ್ಲ.