ಏರಿ ಆಚೆ ಬೀಳೋ ವಿಮಾನ

ಸಿಂಧನೂರಾಗ ಸೈಕಲ್ ರಿಪೇರಿ ಮಾಡ್ತಿದ್ದ ಬುಡ್ಡೇಸಾಬ್ ನಾಕು ವರ್ಷ ನನಗ ಒಂದೇ ಸುಳ್ಳು ಹೇಳ್ಯಾನ. ಅದಕ್ಕ ಅವನ್ನ ಬಾಯಿಗೆ ಬಂದಂಗ ಬೈದೀನಿ. ಆದ್ರ ಅಂಥಾ ದೋಸ್ತ ಮತ್ತೊಬ್ಬ ನನಗ ಸಿಕ್ಕಿಲ್ಲ.

ಅವನ ಬಾಜೂಕ ನಂದು ರೇಡಿಯೋ ರಿಪೇರಿ ಅಂಗಡಿ. ಸಣ್ಣಾವಿದ್ದಾಗ ಪೋಲಿಯೋ ಬಡದು ನನ್ನ ಎಡಗಾಲು ಹೋತು. ಎಂಬತ್ತೈದನೇ ಇಸವಿಯಾಗ ರದ್ದಿಯೊಳಗ ಹಳೇ ಪುಸ್ತಕ ಒಂದು ಸಿಕ್ತು. ರಬ್ಬರ್ ತಿರುವಿ ಹಾರಿಸೋ ವಿಮಾನದ ಚಿತ್ರ ಇತ್ತು. ಹುಚ್ಚು ಹಿಡೀತು ನೋಡ್ರಿ. ತೇಗದ ಕಟ್ಟಿಗೀಲೆ ಮಾಡಿದ್ದು ಮ್ಯಾಲೇ ಏಳಲಿಲ್ಲ. ರೇಡಿಯೋ ರಿಪೇರಿಗೆ ಬಂದಿದ್ದ ಹರಿಪದ, ಆರ್.ಎಚ್. ಕ್ಯಾಂಪಿನ ಬಂಗಾಲಿ ನಿರಾಶ್ರಿತ, ಅದನ್ನ ಕೈಯಾಗ ತೂಗಿ, ಭಾಳ ಭಾರ ಅಂತ ನಕ್ಕ. ಮರುದಿನ ಹತ್ತಿಯಂಗ ಹಗುರಾದ ಬೆಂಡು ಒಂದು ಹೊರಿ ತಂದ. ನಮ್ಮವರು ಗದ್ದ್ಯಾಗಿಂದ ಕಿತ್ತು ಒಗಿಯೋ ಕಸ ಅದು; ಅವರು ಅದರಾಗ ಮದುಮಗನ ಮುಕುಟ ಮಾಡ್ತಾರಂತ. ಬುಡ್ಡೇಸಾಬ್ ಸೈಕಲ್ ಟ್ಯೂಬ್ ಸಣ್ಣಗ ಸೀಳಿ ಕೊಟ್ಟ. ಬೆಂಡಿನ ವಿಮಾನ ಎದ್ದೇಬಿಡ್ತು.

ಆಮ್ಯಾಲೆ ಸುಗ್ಗಿ ಮುಗಿದ ಮ್ಯಾಲೆ ಪ್ರತಿ ಶುಕ್ರವಾರ, ಬುಡ್ಡೇಸಾಬನ ನಮಾಜ್ ಆದಮ್ಯಾಲೆ, ಮೂವರೂ ಜವಳಗೇರಾ ಕಡಿ ಕೊಯ್ದ ಗದ್ದಿಗೆ ಹೋಗ್ತಿದ್ವಿ. ನಾ ಬಿಡ್ತಿದ್ದೆ. ಅದು ಕಾಲುವಿ ಏರಿ ದಾಟಿ ಮರಿಯಾಗ್ತಿತ್ತು. ಅವರಿಬ್ಬರೂ ಹಿಂದ ಓಡ್ತಿದ್ರು. ಹೆಂಗ ಇಳೀತೋ ಅಂತ ಕೇಳಿದ್ರ ಬುಡ್ಡೇಸಾಬ್, ಕೊಕ್ಕರಿ ಇಳಿದಂಗ ಇಳೀತು ಅಂತಿದ್ದ.

ನಾಕನೇ ವರ್ಷ ಒಂದಿನ ಅವರು ತಂದ ವಿಮಾನದ ಮೂತಿ ಮುಟ್ಟಿದೆ, ಅಂಟು ಇನ್ನೂ ಹಸಿ ಇತ್ತು. ಹರಿಪದನ್ನ ಕೇಳಿದ್ರ ತಲಿ ತಗ್ಗಿಸಿದ. ಪ್ರತಿ ಸಲಾನೂ ಮೂತಿ ಊರಿ ಬಿದ್ದು ಮುರೀತಿತ್ತಂತ. ಏರಿ ಆಚೆ ಕುಂತು ಇಬ್ಬರೂ ಜೋಡಿಸಿ ತರ್ತಿದ್ರಂತ.

ಮೈಯೆಲ್ಲಾ ಉರೀತು ನನಗ. ಬುಡ್ಡೇಸಾಬನ ಕಡಿ ತಿರುಗಿದೆ. "ಕುಂಟ ಅಂತ ಕನಿಕರ ಪಡಾಕತ್ತೀಯೇನಲೇ? ಬೀಳೋದು ನೋಡದ ನಾ ಹೆಂಗ ಸುಧಾರಸಲಿ?" ಅಂದೆ. ಎರಡು ವಾರ ಅವನ ಜೋಡಿ ಮಾತು ಬಿಟ್ಟೆ.

ಮೂರನೇ ಶುಕ್ರವಾರ ಕ್ಯಾರಿಯರ್‌ಗೆ ಗೋಣಿಚೀಲ ಬಿಗದು, ಸೈಕಲ್ ಹಿಡಕೊಂಡು ಅಂಗಡಿ ಮುಂದ ನಿಂತಿದ್ದ.

"ಕೂಡು. ಇವತ್ತು ನೀ ಆಚೆ ಕಡಿ ಇರು."

ನನ್ನ ಕುಂದ್ರಿಸಿಕೊಂಡು ಏರಿ ಹತ್ತಿಸಿದ, ಸೇತುವಿ ದಾಟಿಸಿದ, ಬೆವರು ಸುರಿಸಿಗೋತ ಆಚೆ ಗದ್ದಿಗೆ ಮುಟ್ಟಿಸಿದ. ಈಚೆಯಿಂದ ಹರಿಪದ ಬಿಟ್ಟ.

ಏರಿ ಮ್ಯಾಲಿಂದ ಬೆಳ್ಳಗ ಬಂತು ವಿಮಾನ. ರಬ್ಬರಿನ ತಿರುವು ಮುಗದು ಫ್ಯಾನು ನಿಂತಿದ್ದೇ ತಡ, ಮೂತಿ ತಗ್ಗಿಸಿ ನನ್ನಿಂದ ಹತ್ತು ಹೆಜ್ಜಿಗೆ ಬಡೀತು. ರೆಕ್ಕಿ ಎರಡು ತುಂಡಾತು. ಬುಡ್ಡೇಸಾಬನ ಮಾರಿ ಸಪ್ಪಗಾತು. ನನ್ನ ಕಣ್ಣಾಗ ನೀರು ಬಂತು, ನಗೂನೂ ಬಂತು. ಅವನ ಎರಡೂ ಕೈ ಹಿಡಕೊಂಡೆ.

"ಮುಂದಿನ ಭಾರ ಹೆಚ್ಚಾಗೇತಿ. ರೆಕ್ಕಿ ಒಂದು ಬಟ್ಟು ಮುಂದಕ ಸರಸಿದ್ರ ಸಾಕು," ಅಂದೆ. "ನಾ ಕಂಡೆ, ಬುಡ್ಡೇಸಾಬ್. ನಾನೇ ಕಂಡೆ."